ಆಭಾ ನಂಬರ್ ಇದ್ದರೆ ಆಸ್ಪತ್ರೆಗೆ ಫೈಲ್ ಒಯ್ಯುವುದೇ ಬೇಡವೇ?

“ಇನ್ನು ಮುಂದೆ ಆಸ್ಪತ್ರೆಗೆ ಹಳೇ ರಿಪೋರ್ಟು, ಎಕ್ಸ್‌ರೇ ಏನೂ ಹೊತ್ತೊಯ್ಯಬೇಡಿ. ಆಭಾ ನಂಬರ್ ಹೇಳಿದರೆ ಸಾಕು, ಡಾಕ್ಟರಿಗೆ ಎಲ್ಲವೂ ಕಂಪ್ಯೂಟರಿನಲ್ಲಿ ಕಾಣುತ್ತದೆ.” ಇಂಥ ಸಂದೇಶ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಿನ್ನುತ್ತಿರುವ ಅಜ್ಜಿಯನ್ನು ಬರಿಗೈಯಲ್ಲಿ ಬೇರೆ ಊರಿನ ಆಸ್ಪತ್ರೆಗೆ ಕರೆದೊಯ್ದರೆ ಅಪಾಯ ಅಜ್ಜಿಗೆ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಆಭಾ ಬೇರೆ, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡಿಸುವ ಆಯುಷ್ಮಾನ್ ಕಾರ್ಡ್ ಬೇರೆ. ಎರಡನ್ನೂ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವೇ ನೋಡಿಕೊಳ್ಳುವುದರಿಂದ, ಹೆಸರಲ್ಲೂ ‘ಆಯುಷ್ಮಾನ್’ ಇರುವುದರಿಂದ ಜನ ಒಂದೇ ಅಂದುಕೊಳ್ಳುತ್ತಾರೆ. ಆಭಾ ಬರೀ 14 ಅಂಕಿಯ ಗುರುತಿನ ಸಂಖ್ಯೆ. ಅದರಿಂದ ಒಂದು ರೂಪಾಯಿಯ ಚಿಕಿತ್ಸೆಯೂ ಉಚಿತವಾಗುವುದಿಲ್ಲ.

ಹಾಗಾದರೆ ಅದು ಯಾಕೆ ಬೇಕು? ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ, ಜಿಲ್ಲಾ ಕೇಂದ್ರದಲ್ಲಿ ಸ್ಕ್ಯಾನಿಂಗ್, ಬೆಂಗಳೂರಿನಲ್ಲಿ ಆಪರೇಷನ್ ಆಯಿತು ಅನ್ನಿ. ಮೂರೂ ಕಡೆ ಮೂರು ಓಪಿಡಿ ನಂಬರ್. ಈ ಮೂವರೂ ಒಬ್ಬರೇ ಅಂತ ಒಂದು ಆಸ್ಪತ್ರೆಯ ಕಂಪ್ಯೂಟರಿಗೆ ಇನ್ನೊಂದು ಹೇಳುವುದಾದರೂ ಹೇಗೆ? ಆ ದಾರವೇ ಆಭಾ. 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಮುಖ್ಯ ಕೆಲಸ ಈ ಪೋಣಿಸುವಿಕೆ.

ಆದರೆ ದಾರವಿದ್ದ ಮಾತ್ರಕ್ಕೆ ಹಾರ ಆಗುವುದಿಲ್ಲ. ಆಸ್ಪತ್ರೆ ಈ ಜಾಲಕ್ಕೆ ಸೇರಿರಬೇಕು, ಅದರ ಸಾಫ್ಟ್‌ವೇರ್ ಜಾಲಕ್ಕೆ ಹೊಂದಬೇಕು, ಸಿಬ್ಬಂದಿ ನಿಮ್ಮ ರಿಪೋರ್ಟನ್ನು ನಿಮ್ಮ ಆಭಾಗೆ ಲಿಂಕ್ ಮಾಡಬೇಕು. ಡಾಕ್ಟರು ಚೀಟಿಯಲ್ಲಿ ಕೈಬರಹದಲ್ಲಿ ಬರೆದುಕೊಟ್ಟ ಔಷಧಿ, ಹತ್ತು ವರ್ಷದ ಹಿಂದಿನ ಇಸಿಜಿ ತಾವಾಗಿಯೇ ಬಂದು ಸೇರುವುದಿಲ್ಲ. ಓಪಿಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ಪಡೆದಿದ್ದೀರಾ? ಅಲ್ಲಿ ಹೋಗಿರುವುದು ನಿಮ್ಮ ಹೆಸರು, ವಯಸ್ಸು, ವಿಳಾಸದಂಥ ವಿವರ. ಸರತಿಯ ಸಮಯ ಉಳಿಯಿತು ನಿಜ, ರಿಪೋರ್ಟು ಸೇರಿತು ಎಂದಲ್ಲ.

ಇನ್ನೊಂದು ತೊಡಕು ಹೊರಗೆ ಕಾಣದ್ದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡುವ ಶುಗರ್ ಪರೀಕ್ಷೆಯನ್ನು ಒಂದು ಲ್ಯಾಬ್ ‘ಎಫ್‌ಬಿಎಸ್’ ಅಂತ, ಇನ್ನೊಂದು ‘ಗ್ಲೂಕೋಸ್ ಫಾಸ್ಟಿಂಗ್’ ಅಂತ ಬರೆಯುತ್ತದೆ. ನಮ್ಮಲ್ಲಿ 126 ಎಂದು ಬರುವ ಅಂಕಿ, ಬೇರೆ ಅಳತೆ ಬಳಸುವ ಬ್ರಿಟನ್ನಿನಲ್ಲಿ 7 ಎಂದು ಬರುತ್ತದೆ. ಡಾಕ್ಟರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಕಂಪ್ಯೂಟರಿಗೆ ಗೊತ್ತಾಗದು. ಅದಕ್ಕೇ ಎಲ್ಲರೂ ಒಂದೇ ಅಚ್ಚಿನಲ್ಲಿ ಮಾಹಿತಿ ಕಳಿಸಲು ‘ಫೈರ್’ ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ, ನಮ್ಮ ಡಿಜಿಟಲ್ ಮಿಷನ್ ಕೂಡ ಅದನ್ನೇ ಬಳಸುತ್ತದೆ. ಕಾಗದದ ರಿಪೋರ್ಟಿನ ಫೋಟೋ ತೆಗೆದು ಏರಿಸಿದರೆ ಮನುಷ್ಯರು ಓದಬಹುದು. ಆದರೆ ಮೂರು ವರ್ಷದ ಶುಗರ್ ಏರಿಳಿತವನ್ನು ಸಾಲಾಗಿ ತೋರಿಸಲು ಅಂಕಿಗಳು ಅಂಕಿಗಳಾಗಿಯೇ ಬರಬೇಕು. ಆಸ್ಪತ್ರೆಗೆ ಕಂಪ್ಯೂಟರ್ ತಂದಿಟ್ಟರೆ ಡಿಜಿಟಲ್ ಆಯಿತು ಎನ್ನುವವರು ಮರೆಯುವುದು ಇದನ್ನೇ.

“ಆಭಾ ಮಾಡಿಸಿದರೆ ನಿಮ್ಮ ಕಾಯಿಲೆಯೆಲ್ಲ ದಿಲ್ಲಿಗೆ ಹೋಗುತ್ತದೆ” ಎಂಬ ಎದುರು ಸಂದೇಶವೂ ಓಡಾಡುತ್ತದೆ. ವ್ಯವಸ್ಥೆಯ ವಿನ್ಯಾಸ ಹಾಗಿಲ್ಲ. ದಾಖಲೆ ಇರುವುದು ಪರೀಕ್ಷೆ ಮಾಡಿದ ಆಸ್ಪತ್ರೆಯಲ್ಲೇ. ಬೇರೆ ಡಾಕ್ಟರು ಕೇಳಿದಾಗ ನಿಮ್ಮ ಮೊಬೈಲಿಗೆ ಕೋರಿಕೆ ಬರುತ್ತದೆ. ಯಾವ ದಾಖಲೆ, ಯಾವ ಅವಧಿಯದ್ದು, ಎಲ್ಲಿಯವರೆಗೆ ನೋಡಬಹುದು ಎಂದು ನೀವು ಒಪ್ಪಿದ ಮೇಲೇ ಅದು ಗೂಢಲಿಪಿಯಲ್ಲಿ ಸಾಗುತ್ತದೆ. ಒಪ್ಪಿಗೆಯನ್ನು ಆಮೇಲೆ ಹಿಂಪಡೆಯಬಹುದು. (ಅಷ್ಟರಲ್ಲಿ ಯಾರಾದರೂ ಪರದೆಯ ಫೋಟೋ ತೆಗೆದುಕೊಂಡಿದ್ದರೆ ಮಾತ್ರ ಏನೂ ಮಾಡಲಾಗದು.) ಆಭಾ ಮಾಡಿಸುವುದು ಕಡ್ಡಾಯವೂ ಅಲ್ಲ.

ಹಾಗಂತ ಭಯ ಸುಳ್ಳಲ್ಲ. 2022ರ ನವೆಂಬರ್‌ನಲ್ಲಿ ದಿಲ್ಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾಗಿ, ಹಲವು ದಿನ ನೋಂದಣಿ, ಲ್ಯಾಬ್ ಕೆಲಸಗಳೆಲ್ಲ ಕಾಗದದ ಮೇಲೆ ನಡೆದವು. ಮಾಹಿತಿ ಆಸ್ಪತ್ರೆಯಲ್ಲೇ ಇರುತ್ತದೆ ಎಂದರೆ ಅದರ ಕಾವಲೂ ಆಯಾ ಆಸ್ಪತ್ರೆಯದ್ದೇ ಎಂದಾಯಿತು.

ಸದ್ಯಕ್ಕೆ ನೀವು ಮಾಡಬಹುದಾದದ್ದು: ಆಭಾ ಇದ್ದರೆ ಆಪ್ ತೆರೆದು ಯಾವ ಆಸ್ಪತ್ರೆಯ ದಾಖಲೆ ಲಿಂಕ್ ಆಗಿದೆ ಎಂದು ನೋಡಿ. ಅಲ್ಲಿ ಕಾಣದ್ದು ಡಾಕ್ಟರಿಗೂ ಕಾಣುವುದಿಲ್ಲ. ಮುಂದಿನ ಬಾರಿ ಹೋದಾಗ “ರಿಪೋರ್ಟು ಆಭಾಗೆ ಲಿಂಕ್ ಮಾಡಿಕೊಡಿ” ಎಂದು ಕೌಂಟರಿನಲ್ಲೇ ಕೇಳಿ. ಮಾಡಿಸಿಕೊಡುತ್ತೇವೆಂದು ಫೋನಿನಲ್ಲಿ ಓಟಿಪಿ ಕೇಳುವವರಿಗೆ ಕೊಡಬೇಡಿ. ಫೈಲನ್ನು ಎಸೆಯಬೇಡಿ. ದಿನಾ ತಿನ್ನುವ ಮಾತ್ರೆಗಳ ಹೆಸರು, ಪ್ರಮಾಣ, ಆಗಿಬರದ ಔಷಧಿ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅಜ್ಜಿಯ ಪರ್ಸಿನಲ್ಲಿಡಿ. ಪ್ರಜ್ಞೆ ತಪ್ಪಿದವರು ಮೊಬೈಲಿನಲ್ಲಿ ಒಪ್ಪಿಗೆ ಒತ್ತಲಾರರು.