ಕಡಲಾಚೆಯ ಗಿರಾಕಿ ಮತ್ತು ನಮ್ಮ ಉಗ್ರಾಣ



ಹಿಂದೆ ನಾವು ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ, ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಪಡೆಯುತ್ತಿದ್ದೆವು. ಮಾಲನ್ನು ಕಾಯ್ದಿಟ್ಟು ಮಾರುವ ಹೊಣೆ ಮಂಡಳಿಯದಾಗಿತ್ತು. 1996ರಲ್ಲಿ ಮುಕ್ತ ಮಾರಾಟ ಪೂರ್ಣವಾಗಿ ಜಾರಿಗೆ ಬಂದ ಮೇಲೆ ಬೆಲೆಯ ಲಾಭ ನಮ್ಮದಾಯಿತು, ದಾಸ್ತಾನಿನ ಅಪಾಯವೂ ನಮ್ಮದೇ ಆಯಿತು. ಈಗ ಮತ್ತೊಂದು ಬಾಗಿಲು ತೆರೆದಿದೆ. ನಮ್ಮ ಕಾಫಿಪುಡಿಯನ್ನೂ ಹಾಳೆ ತಟ್ಟೆಯನ್ನೂ ಆನ್‌ಲೈನ್ ಅಂಗಡಿಯ ಮೂಲಕ ನೇರವಾಗಿ ಹೊರದೇಶದ ಮನೆಗಳಿಗೆ ಏಕೆ ಮಾರಬಾರದು ಎಂದು ಹಲವು ಸದಸ್ಯರು ಕೇಳುತ್ತಿದ್ದಾರೆ. ಮಾರಬಹುದು. ಆದರೆ 2025ನೇ ಇಸವಿ ಕಲಿಸಿದ ಎರಡು ಪಾಠಗಳನ್ನು ತಿಳಿದುಕೊಂಡು ಮಾರುವುದು ಕ್ಷೇಮ.

ಎರಡು ಪಾಠಗಳು

ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳ ಆಮದಿನ ಮೇಲೆ ಎಚ್ಚರಿಕೆ ಹೊರಡಿಸಿತು. ಹಾಳೆಯಲ್ಲಿ ಸಹಜವಾಗಿರುವ ಕ್ಷಾರಾಂಶಗಳು ಆಹಾರಕ್ಕೆ ಇಳಿಯಬಹುದೆಂಬುದು ಅದು ಕೊಟ್ಟ ಕಾರಣ. ನಮ್ಮ ಕಡೆಯ ಅನೇಕ ಸಣ್ಣ ಘಟಕಗಳು ಆ ಒಂದೇ ದೇಶದ ಅಳತೆ, ಆಕಾರ, ಮುದ್ರಿತ ಪೊಟ್ಟಣಕ್ಕೆ ಹೊಂದಿಸಿ ಮಾಲು ಮಾಡುತ್ತಿದ್ದವು. ನಮ್ಮ ಸದಸ್ಯರೊಬ್ಬರ ಅಟ್ಟದ ಮೇಲೆ ಅಂಥ ತಟ್ಟೆಗಳ ಕಟ್ಟುಗಳು ಇಡೀ ಮಳೆಗಾಲ ಕೂತವು. ಊರಿನ ಮದುವೆ, ಉಪನಯನಗಳಿಗೆ ಆ ಸಣ್ಣ ಚೌಕ ತಟ್ಟೆ ಯಾರಿಗೂ ಬೇಡವಾಯಿತು.

ಎರಡನೆಯದು ಅಂಚೆಯದು. 800 ಡಾಲರ್‌ವರೆಗಿನ ಪೊಟ್ಟಣಗಳಿಗೆ ಅಮೆರಿಕ ಕೊಡುತ್ತಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಕೊನೆಗೊಂಡಿತು. ಹೊಸ ಸುಂಕವನ್ನು ಯಾರು, ಹೇಗೆ ವಸೂಲು ಮಾಡಬೇಕೆಂಬುದೇ ಸ್ಪಷ್ಟವಿರಲಿಲ್ಲವಾದ್ದರಿಂದ ನಮ್ಮ ಅಂಚೆ ಇಲಾಖೆಯು ಆಗಸ್ಟ್ 25ರಿಂದ ಆ ದೇಶದ ಹೆಚ್ಚಿನ ಪೊಟ್ಟಣಗಳ ಬುಕಿಂಗ್ ನಿಲ್ಲಿಸಿತು. ಅದು ಪುನಃ ಆರಂಭವಾದದ್ದು ಅಕ್ಟೋಬರ್ ಮಧ್ಯದಲ್ಲಿ. ಹುರಿದಿಟ್ಟ ಕಾಫಿಗೆ ಏಳು ವಾರ ಕಾಯುವ ತಾಳ್ಮೆಯಿಲ್ಲ. ಅದರ ಸುವಾಸನೆ ದಿನದಿನಕ್ಕೆ ಇಳಿಯುತ್ತದೆ.

ಕಾಯಬಲ್ಲ ರೂಪದಲ್ಲಿ ಕಾಯ್ದಿಡಿ

ಈ ಎರಡರಿಂದಲೂ ತಿಳಿಯುವ ಮುಖ್ಯ ಮಾತು ಒಂದೇ. ದಾಸ್ತಾನನ್ನು ಹೆಚ್ಚು ಕಾಲ ತಾಳುವ, ಹೆಚ್ಚು ಜನ ಕೊಳ್ಳುವ ರೂಪದಲ್ಲಿ ನಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕು. ಕೊನೆಯ ಕೆಲಸವನ್ನು ಬೇಡಿಕೆ ಬಂದ ಮೇಲೆ ಮಾಡಬೇಕು.

ಕಾಫಿಯಲ್ಲಿ ಆ ರೂಪವೆಂದರೆ ಶೇ. 10ರ ತೇವಾಂಶಕ್ಕೆ ಒಣಗಿದ ಪಾರ್ಚ್‌ಮೆಂಟ್. ಆನ್‌ಲೈನ್ ಗಿರಾಕಿ ಕೈಕೊಟ್ಟರೆ ಅದನ್ನು ಮಾಮೂಲು ವರ್ತಕರಿಗೆ ಮಾರಬಹುದು. ಪುಡಿ ಮಾಡಿ, ಹೊರದೇಶದ ಚೀಟಿ ಅಂಟಿಸಿದ ಮೇಲೆ ಆ ದಾರಿ ಮುಚ್ಚಿತು. ಆದರೆ ಪಾರ್ಚ್‌ಮೆಂಟನ್ನೂ ಮಲೆನಾಡಿನ ಮಳೆಗಾಲದಲ್ಲಿ ಮನೆಯ ಉಗ್ರಾಣದಲ್ಲಿ ಇಡಬಾರದು, ತೇವ ಹೀರಿ ಬಣ್ಣಗೆಡುತ್ತದೆ. ಮಳೆಗೆ ಮುಂಚೆಯೇ ಬಯಲುಸೀಮೆಯ ಕಡೆಯ ಕ್ಯೂರಿಂಗ್ ವರ್ಕ್ಸ್‌ನ ಗೋದಾಮಿಗೆ ಸಾಗಿಸಬೇಕು.

ತಟ್ಟೆಯ ವಿಷಯದಲ್ಲಿ ಆ ರೂಪ ಒಣ ಹಾಳೆ. ಬೇಸಿಗೆಯಲ್ಲಿ ಹೆಕ್ಕಿ, ಚೆನ್ನಾಗಿ ಒಣಗಿಸಿ, ನೆಲದಿಂದ ಮೇಲೆ ಅಟ್ಟಣೆ ಕಟ್ಟಿ ಪೇರಿಸಿದರೆ ಮಳೆಗಾಲದ ಕೆಲಸಕ್ಕೂ ಒದಗುತ್ತದೆ. ಒದ್ದೆ ತಗಲಿದರೆ ಬೂಷ್ಟು ಖಂಡಿತ. ಇಲ್ಲಿಯೂ ಖರ್ಚಾಗುವ ಅಳತೆಯ ತಟ್ಟೆಯನ್ನೇ ಹೆಚ್ಚು ಒತ್ತಿಸಿ. ಪರದೇಶದ ಆಕಾರವನ್ನು ಆರ್ಡರಿಗೆ ತಕ್ಕಷ್ಟೇ ಮಾಡಿ.

ಲೆಕ್ಕ ಹಾಕಿ ಕಳುಹಿಸಿ

ಹೊರದೇಶದ ಗೋದಾಮಿನಲ್ಲಿ ಮಾಲಿಟ್ಟರೆ ಗಿರಾಕಿಗೆ ಬೇಗ ತಲುಪುತ್ತದೆ, ಮಾರಾಟ ಹೆಚ್ಚುತ್ತದೆ. ನಿಜ. ಒಂದು ಉದಾಹರಣೆ ನೋಡೋಣ. ವಾರಕ್ಕೆ 20 ಪೊಟ್ಟಣ ಖರ್ಚು, ಹಡಗು ಮತ್ತು ಕಸ್ಟಮ್ಸ್ ಸೇರಿ 8 ವಾರದ ದಾರಿ, ಪೊಟ್ಟಣದ ಬಾಳಿಕೆ 26 ವಾರ ಎಂದಿಟ್ಟುಕೊಳ್ಳಿ. 220 ಪೊಟ್ಟಣ ಕಳುಹಿಸಿದರೆ ಮಾರಾಟಕ್ಕೆ 11 ವಾರ, ದಾರಿಗೆ 8. ಒಟ್ಟು 19 ವಾರದಲ್ಲಿ ಮಾಲು ಮುಗಿಯುತ್ತದೆ. ಅದೇ ಮಾರಾಟ ಅರ್ಧಕ್ಕಿಳಿದು ವಾರಕ್ಕೆ 10 ಆದರೆ ಮಾರಲು 22 ವಾರ, ಒಟ್ಟು 30. ಕೊನೆಯ 40 ಪೊಟ್ಟಣಗಳ ಅವಧಿ ಮುಗಿದಿರುತ್ತದೆ. ಅಂಥ ಮಾಲನ್ನು ವಾಪಸು ತರಿಸುವ ಖರ್ಚು ಎಷ್ಟೋ ಸಲ ಮಾಲಿನ ಬೆಲೆಯನ್ನೇ ಮೀರುತ್ತದೆ.

ದಾರಿಯೂ ಉದ್ದವಾಗಬಹುದು. 2023ರ ನವೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಬಳಿಕ ಅನೇಕ ಹಡಗುಗಳು ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿ ಹೋದವು. ಪ್ರಯಾಣಕ್ಕೆ ಸುಮಾರು 10ರಿಂದ 14 ದಿನ ಹೆಚ್ಚಾಯಿತು. ಆದುದರಿಂದ ಮೊದಲ ವರ್ಷ ಅಂಚೆ ಅಥವಾ ಕೊರಿಯರಿನಲ್ಲಿ ಸಣ್ಣ ಸಣ್ಣ ಪ್ರಮಾಣ ಕಳುಹಿಸುವುದೇ ಲೇಸು. ಪೊಟ್ಟಣಕ್ಕೆ ತಗಲುವ ಖರ್ಚು ಹೆಚ್ಚಾದರೂ ಆಗಬಹುದಾದ ನಷ್ಟಕ್ಕೆ ಮಿತಿ ಇರುತ್ತದೆ.

ಕಾಗದಪತ್ರವನ್ನು ಹಗುರವಾಗಿ ಎಣಿಸಬೇಡಿ. ಇಲ್ಲಿ ಆಮದು-ರಫ್ತು ಸಂಕೇತ ಸಂಖ್ಯೆ ಮತ್ತು ಆಹಾರ ಸುರಕ್ಷತಾ ಪರವಾನಗಿ ಬೇಕು. ಅಮೆರಿಕಕ್ಕಾದರೆ ಆಹಾರ ತಯಾರಿಸುವ ಘಟಕದ ನೋಂದಣಿಯ ಜೊತೆಗೆ, ಪ್ರತಿ ರವಾನೆಗೂ ಮುಂಚಿತ ಸೂಚನೆ ಕೊಡಬೇಕು. ಒಂದು ಹಾಳೆ ತಪ್ಪಿದರೂ ಮಾಲು ಬಂದರಿನಲ್ಲಿ ಕೊಳೆಯುತ್ತದೆ.

ಕೊನೆಯ ಮಾತು

ಈ ಸಲದ ಮಹಾಸಭೆಯಲ್ಲಿ ಸಂಘದ ಪುಡಿಯನ್ನು ಹೊರದೇಶದ ಗೋದಾಮಿನಲ್ಲಿ ಇಡುವ ಪ್ರಸ್ತಾಪ ಚರ್ಚೆಗೆ ಬರಲಿದೆ. ನನ್ನ ಸಲಹೆ ಇಷ್ಟೇ: ಪೂರ್ತಿ ಮುಳುಗಿದರೂ ಸದಸ್ಯರ ಬೋನಸ್ಸಿಗೆ ಕೈಹಾಕಬೇಕಾಗದಷ್ಟು ಮಾಲನ್ನು ಮಾತ್ರ ಕಳುಹಿಸೋಣ. ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ. ಸದಸ್ಯರೆಲ್ಲರೂ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ. ಸಹಿ ಮಾಡುವವನು ಕಾರ್ಯದರ್ಶಿಯಾದರೂ ಉಗ್ರಾಣದೊಳಗಿರುವುದು ನಿಮ್ಮ ಬೆಳೆ.