ಕಬ್ಬಿಣದ ಮೇಲೆ ಬರೆದ ಜಾತಕ

ಹಳೆಯ ಸೈನಿಕ ಪಿಸ್ತೂಲೊಂದನ್ನು ಕಂಡಾಗ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ, ‘ಇದು ಟಿಪ್ಪುವಿನ ಕಾಲದ್ದೇ?’ ಎಂಬುದು. ಟಿಪ್ಪು ಹುಟ್ಟಿದ ದೇವನಹಳ್ಳಿಗೆ ನೆರೆಯ ಊರಾದ ವಿಜಯಪುರದಂಥ ಕಡೆ ಈ ಪ್ರಶ್ನೆ ಸಹಜವೇ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೈದರಾಲಿ ಮೊದಲು ಹೆಸರು ಮಾಡಿದ. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಇದೇ ಸೀಮೆಗೆ ಬಂತು. ಮೈಸೂರಿನ ಆಯುಧಗಳೂ ಇಂಗ್ಲಿಷರ ಆಯುಧಗಳೂ ಓಡಾಡಿದ ನೆಲವಿದು. ಎರಡನ್ನೂ ಬೇರ್ಪಡಿಸಿ ಗುರುತಿಸಲು ಬಾಯಿಮಾತಿಗಿಂತ ಲೋಹದ ಮೇಲಿನ ಠಸ್ಸೆಗಳೇ ಹೆಚ್ಚು ನಂಬಿಕೆಗೆ ಅರ್ಹ.

ಆ ಕಾಲದ ಪಿಸ್ತೂಲುಗಳು ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವಂಥವು. ಗುರುತುಗಳನ್ನು ಹುಡುಕಬೇಕಾದ ಜಾಗಗಳು ಮುಖ್ಯವಾಗಿ ಎರಡು: ಗುಂಡು ಹಾಯುವ ನಳಿಗೆ ಮತ್ತು ಕಿಡಿ ಹಾರಿಸುವ ಯಂತ್ರವನ್ನು ಕೂರಿಸಿದ ಪಕ್ಕದ ತಗಡು.

ಇಂಗ್ಲೆಂಡಿನ ರಾಜಸೇನೆಯ ಪಿಸ್ತೂಲಾದರೆ ಈ ತಗಡಿನ ಮೇಲೆ ಕಿರೀಟವೂ ಜಾರ್ಜ್ ದೊರೆಯ ಹೆಸರನ್ನು ಸೂಚಿಸುವ ‘ಜಿ. ಆರ್.’ ಅಕ್ಷರಗಳೂ ‘ಟವರ್’ ಎಂಬ ಪದವೂ ಇರುತ್ತವೆ. ಟವರ್ ಎಂದರೆ ಲಂಡನ್ನಿನ ಕೋಟೆ, ಸರ್ಕಾರದ ಆಯುಧಾಗಾರವಿದ್ದ ಸ್ಥಳ. ತಗಡಿನ ಮೇಲೆ ತಯಾರಕನ ಹೆಸರನ್ನೂ ಇಸವಿಯನ್ನೂ ಕೆತ್ತುವ ಪದ್ಧತಿಯನ್ನು 1764ರಲ್ಲಿ ಕೈಬಿಡಲಾಯಿತು. ಈಸ್ಟ್ ಇಂಡಿಯಾ ಕಂಪನಿಯ ಆಯುಧಗಳ ಗುರುತು ಬೇರೆ: ಹೃದಯದಾಕಾರದ ಚಿತ್ರ, ಅದರೊಳಗೆ ವಿ, ಇ, ಐ, ಸಿ ಎಂಬ ನಾಲ್ಕು ಅಕ್ಷರಗಳು. 1808ರ ಸುಮಾರಿಗೆ ಇದರ ಬದಲು ಹಿಂಗಾಲಿನ ಮೇಲೆ ನಿಂತ ಸಿಂಹ ಬಂತು. ಹಾಗಾಗಿ ಸಿಂಹದ ಠಸ್ಸೆಯಿರುವ ಕಂಪನಿ ಪಿಸ್ತೂಲು 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಹಾರಿತ್ತೆಂಬ ಮಾತು ಬಂದರೆ ಅನುಮಾನಿಸಬೇಕು.

ಟಿಪ್ಪುವಿನ ಕಾರ್ಖಾನೆಯ ಆಯುಧಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಹುಲಿ. ಎಲ್ಲೋ ಒಂದೆಡೆ ಹುಲಿಯ ಮುಖ, ಇನ್ನೊಂದೆಡೆ ‘ಬಬ್ರಿ’ ಎನ್ನುವ ಹುಲಿಪಟ್ಟೆಯ ಅಲಂಕಾರ. ಇದರ ಜೊತೆಗೆ ‘ಹೈದರ್’ ಎಂಬ ಹೆಸರಿನ ಅಕ್ಷರಗಳ ಮುದ್ರೆ, ಕುಶಲಕರ್ಮಿಯ ಹೆಸರು, ‘ಪಟ್ಟನ್’ ಅಂದರೆ ಶ್ರೀರಂಗಪಟ್ಟಣ ಎಂಬ ಸ್ಥಳನಾಮ ಇರಬಹುದು. ಜೊತೆಗೆ ಇಸವಿಯೂ ಇರಬಹುದು. ಎಡವುವುದು ಇಲ್ಲೇ.

1224 ಎಂಬ ಇಸವಿ ಕಂಡಿತೆನ್ನೋಣ. ಪಾರ್ಸಿ ಲಿಪಿ ನೋಡಿ ಇದು ಹಿಜರಿ ಶಕೆಯೆಂದು ಲೆಕ್ಕ ಹಾಕಿದರೆ ಕ್ರಿ.ಶ. 1809 ಬರುತ್ತದೆ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಸುಲ್ತಾನ ಸತ್ತು ಹತ್ತು ವರ್ಷದ ಮೇಲೆ ಅವನ ಕಾರ್ಖಾನೆಯಲ್ಲಿ ಪಿಸ್ತೂಲು ತಯಾರಾದೀತೇ? ಇದು ನಕಲಿಯೆಂದು ಪಕ್ಕಕ್ಕೆ ಇಟ್ಟುಬಿಡುವುದು ಸುಲಭ. ಆದರೆ ತಪ್ಪು ಪಿಸ್ತೂಲಿನದಲ್ಲ.

ಟಿಪ್ಪು ಹಿಜರಿಯನ್ನು ಬಿಟ್ಟು ‘ಮೌಲೂದಿ’ ಎಂಬ ಹೊಸ ಶಕೆಯನ್ನು ಜಾರಿಗೆ ತಂದಿದ್ದ. ಹಿಜರಿ ಕೇವಲ ಚಂದ್ರನ ಲೆಕ್ಕ. ಅದರ ವರ್ಷಕ್ಕೆ ಸುಮಾರು 354 ದಿನ. ಮೌಲೂದಿಯಾದರೋ ನಮ್ಮ ಪಂಚಾಂಗದ ಚಾಂದ್ರಸೌರ ಲೆಕ್ಕವನ್ನೇ ಅನುಸರಿಸುತ್ತದೆ. ಯುಗಾದಿಯ ಹೊತ್ತಿಗೇ ವರ್ಷಾರಂಭ, ಪ್ರಭವಾದಿ ಅರುವತ್ತು ಸಂವತ್ಸರಗಳಿಗೂ ಹೊಸ ಹೆಸರು. ಮೌಲೂದಿ ವರ್ಷಕ್ಕೆ 572 ಕೂಡಿಸಿದರೆ ಅದು ಆರಂಭವಾದ ಕ್ರಿಸ್ತವರ್ಷ ಸಿಗುತ್ತದೆ. 1224 ಎಂದರೆ 1796ರ ಯುಗಾದಿಯಿಂದ ಮುಂದಿನ ವರ್ಷ, ನಮ್ಮ ನಳ ಸಂವತ್ಸರ. ಆಗ ಟಿಪ್ಪು ಬದುಕಿದ್ದ, ಕಾರ್ಖಾನೆ ನಡೆಯುತ್ತಿತ್ತು. ಇನ್ನೊಂದು ತೊಡಕೂ ಇದೆ. ಪಾರ್ಸಿ ಬರಹ ಬಲದಿಂದ ಎಡಕ್ಕೆ ಹರಿದರೂ ಅಂಕಿಗಳನ್ನು ನಮ್ಮಂತೆ ಎಡದಿಂದಲೇ ಓದುವುದು ವಾಡಿಕೆ. ಟಿಪ್ಪುವಿನ ಮೌಲೂದಿ ನಾಣ್ಯಗಳಲ್ಲಿ ಅಂಕಿಗಳೂ ಬಲದಿಂದ ಎಡಕ್ಕೇ ಇವೆ. ಗೊತ್ತಿಲ್ಲದವರು 1224ನ್ನು 4221 ಎಂದು ಓದಿ ಕಂಗಾಲಾಗಬಹುದು.

ಇವುಗಳ ಮೇಲೆ ಕೊನೆಯ ಪದರವೊಂದಿದೆ, ಗೆದ್ದವನ ಬರಹ. ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯನ್ನು ಸೈನ್ಯ ಹಂಚಿಕೊಂಡಿತು. ಎಷ್ಟೋ ಆಯುಧಗಳು ವಿಂಡ್ಸರ್ ಅರಮನೆಗೂ ವೇಲ್ಸಿನ ಪೋವಿಸ್ ಕೋಟೆಗೂ ಸೇರಿದವು. ಕೆಲವಕ್ಕೆ ‘ಶ್ರೀರಂಗಪಟ್ಟಣದಲ್ಲಿ ಗೆದ್ದದ್ದು’ ಎಂಬರ್ಥದ ಬರಹವನ್ನೂ ಕೆತ್ತಿಸಿದರು. ಇದು ಇಂಗ್ಲಿಷರ ಹೊಸ ಚಾಳಿಯೇನಲ್ಲ. 2014ರಿಂದ ನಮ್ಮ ಊರಿನ ಹೆಸರನ್ನೇ ಹೊತ್ತಿರುವ ಬಿಜಾಪುರದಲ್ಲಿ ಮಲಿಕ್-ಎ-ಮೈದಾನ್ ಫಿರಂಗಿಯಿದೆ. ಅದರ ಮೇಲೆ 1549ರಲ್ಲಿ ಎರಕ ಹೊಯ್ದ ಮಹಮ್ಮದ್ ಬಿನ್ ಹಸನ್ ರೂಮಿಯ ಹೆಸರೂ ಇದೆ, ಊರನ್ನು ಗೆದ್ದ ಔರಂಗಜೇಬನ ಶಾಸನವೂ ಇದೆ. ಮಾಡಿದವನ ಗುರುತು ಹುಟ್ಟನ್ನು ಹೇಳಿದರೆ, ಗೆದ್ದವನದು ಕೈ ಬದಲಾದದ್ದನ್ನು ಹೇಳುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಓದಬೇಕು. ಗೆದ್ದವನ ಬರಹ ಎಷ್ಟೋ ವರ್ಷ ಕಳೆದು ಕೆತ್ತಿಸಿದ್ದೂ ಇರಬಹುದು.

ಆಯುಧಪೂಜೆಯ ದಿನ ಮನೆಯ ಹಳೆಯ ಕಬ್ಬಿಣವನ್ನು ಮರಳುಕಾಗದ ಹಾಕಿ ಥಳಥಳ ಹೊಳೆಯುವಂತೆ ಉಜ್ಜುವವರಿದ್ದಾರೆ. ಭಕ್ತಿ ದೊಡ್ಡದು, ಆದರೆ ಒಂದು ಕೂದಲೆಳೆಯಷ್ಟು ಆಳದ ಠಸ್ಸೆ ಅಳಿಸಿಹೋಗಲು ಅಷ್ಟೇ ಸಾಕು. ಆಮೇಲೆ ಆ ಪಿಸ್ತೂಲು ಯಾರದೆಂದು ಯಾವ ಪಂಡಿತನೂ ಹೇಳಲಾರ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೂ ಬರುತ್ತದೆ. ಅರಿಶಿನ ಕುಂಕುಮ ಏರಿಸುವ ಮೊದಲು ಗುರುತುಗಳ ಒಂದು ಛಾಯಾಚಿತ್ರ ತೆಗೆಸಿ, ವಸ್ತುಸಂಗ್ರಹಾಲಯದವರಿಗೆ ತೋರಿಸಿದರೆ ಪೂಜೆಗೂ ಚ್ಯುತಿಯಿಲ್ಲ, ಚರಿತ್ರೆಗೂ ನಷ್ಟವಿಲ್ಲ.