ತಿರುಗುತ್ತಲೇ ಪಲ್ಟಿ ಹೊಡೆಯುವ ಹಿಡಿಕೆ: ಭೂಮಿಯೂ ಒಂದು ದಿನ ಹೀಗೇ ಮಗುಚುತ್ತದೆಯೇ?

ಬಾಹ್ಯಾಕಾಶ ನಿಲ್ದಾಣದ ಒಳಗೆ ಇಂಗ್ಲಿಷಿನ 'ಟಿ' ಅಕ್ಷರದಂಥ ಲೋಹದ ಹಿಡಿಕೆಯೊಂದು ತೇಲುತ್ತಾ ಗಿರಗಿರನೆ ತಿರುಗುತ್ತಿದೆ. ಕೆಲವು ಸುತ್ತು ನೆಟ್ಟಗೆ ತಿರುಗುತ್ತದೆ. ಆಮೇಲೆ ಯಾರೂ ಮುಟ್ಟದಿದ್ದರೂ ಇದ್ದಕ್ಕಿದ್ದಂತೆ ಪಲ್ಟಿ ಹೊಡೆದು ಹಿಂದುಮುಂದಾಗುತ್ತದೆ. ಮತ್ತೆ ಕೆಲವು ಸುತ್ತು, ಮತ್ತೆ ಪಲ್ಟಿ.

ಈ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಜೊತೆಗೆ ಹೆಚ್ಚುಕಡಿಮೆ ಹೀಗೊಂದು ಬರಹ ಇರುತ್ತದೆ: ರಷ್ಯಾದ ಗಗನಯಾತ್ರಿಯೊಬ್ಬ 1985ರಲ್ಲಿ ಇದನ್ನು ಕಂಡ, ಜನ ಹೆದರುತ್ತಾರೆಂದು ಸರ್ಕಾರ 10 ವರ್ಷ ಮುಚ್ಚಿಟ್ಟಿತು, ಭೂಮಿಯೂ ತಿರುಗುವ ವಸ್ತುವೇ ಆದ್ದರಿಂದ ಒಂದು ದಿನ ಅದೂ ಹೀಗೇ ಮಗುಚಲಿದೆ, ಸಮುದ್ರಗಳು ಊರುಗಳ ಮೇಲೆ ಹರಿಯಲಿವೆ, ಎಲ್ಲರಿಗೂ ಕಳುಹಿಸಿ.

ಇದನ್ನು ನಮಗೆ ಕಳುಹಿಸಿದ ಓದುಗರೊಬ್ಬರು ಕೇಳಿದ್ದು ಇಷ್ಟೇ: "ಮಗಳು ಇದನ್ನು ನೋಡಿದಾಗಿನಿಂದ ರಾತ್ರಿ ಸರಿಯಾಗಿ ಮಲಗುತ್ತಿಲ್ಲ. ನಿಜವಾ ಸಾರ್?"

ವಿಡಿಯೋ ನಿಜ, ಗ್ರಾಫಿಕ್ಸ್ ಅಲ್ಲ. ಗಗನಯಾತ್ರಿಯ ಕಥೆಯಲ್ಲೂ ಸತ್ಯವಿದೆ. ಭೂಮಿ ಮಗುಚುತ್ತದೆ ಎಂಬುದು ಮಾತ್ರ ಸುಳ್ಳು. ಅದು ಯಾಕೆ ಸುಳ್ಳು ಎಂಬುದು ಆ ವಿಡಿಯೋಗಿಂತಲೂ ಸ್ವಾರಸ್ಯವಾಗಿದೆ.

ಮೊದಲು ಒಂದು ಪುಸ್ತಕ ಎಸೆಯಿರಿ

ಈ ಪಲ್ಟಿ ನೋಡಲು ಬಾಹ್ಯಾಕಾಶಕ್ಕೆ ಹೋಗಬೇಕಿಲ್ಲ. ರಟ್ಟಿನ ಹೊದಿಕೆಯ ಒಂದು ಪುಸ್ತಕ ತೆಗೆದುಕೊಂಡು, ತೆರೆದುಕೊಳ್ಳದಂತೆ ರಬ್ಬರ್ ಬ್ಯಾಂಡ್ ಹಾಕಿ. ಇದೇ ಆಟವನ್ನು ಮೊಬೈಲಿನಲ್ಲೂ ಆಡಬಹುದು, ಆದರೆ ಸ್ಕ್ರೀನ್ ಒಡೆದರೆ ನಮ್ಮನ್ನು ಬೈಯಬೇಡಿ.

ಪುಸ್ತಕವನ್ನು ಮೂರು ರೀತಿಯಲ್ಲಿ ತಿರುಗಿಸಬಹುದು. ಒಂದು, ಅದರ ಉದ್ದದ ಗೆರೆಯೇ ಅಕ್ಷವಾಗುವಂತೆ, ಲಟ್ಟಣಿಗೆ ಉರುಳಿದ ಹಾಗೆ. ಎರಡು, ಮುಖಪುಟ ಮೇಲಿರುವಂತೆಯೇ, ತಟ್ಟೆ ತಿರುಗಿದ ಹಾಗೆ. ಈ ಎರಡರಲ್ಲೂ ಪುಸ್ತಕ ಅಚ್ಚುಕಟ್ಟಾಗಿ ತಿರುಗಿ ಕೈಗೆ ಬರುತ್ತದೆ.

ಈಗ ಮೂರನೆಯದು. ಮುಖಪುಟ ಮೇಲಿರುವಂತೆ ಕೆಳ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಕೆಳಗೆ ಕಾಲು ಮೇಲೆ ಆಗುವ ಹಾಗೆ ಲಾಗ ಹಾಕಿಸಿ. ಒಂದು ಲಾಗ ಮುಗಿಸಿ ಕೈಗೆ ಬಂದಾಗ ನೋಡಿ, ಬಹುತೇಕ ಸಲ ಮುಖಪುಟ ಕೆಳಗಾಗಿ ಹಿಂಬದಿ ಮೇಲೆ ಬಂದಿರುತ್ತದೆ. ನೀವು ಕೊಟ್ಟದ್ದು ಲಾಗ ಮಾತ್ರ, ಪುಸ್ತಕ ತಾನಾಗಿಯೇ ಅಡ್ಡಡ್ಡ ಅರ್ಧ ಸುತ್ತು ಹೊರಳಿದೆ. ನಾವೂ ಮಂಚದ ಮೇಲೆ ಎಸೆದು ನೋಡಿದೆವು. ಹೊರಳದಂತೆ ಎಸೆಯಲು ಎಷ್ಟು ಹುಷಾರಾಗಿ ಪ್ರಯತ್ನಿಸಿದರೂ ಅದು ಹೊರಳುತ್ತಿತ್ತು.

ನಿಲ್ದಾಣದ ಹಿಡಿಕೆ ಮಾಡಿದ್ದೂ ಇದನ್ನೇ. ಪುಸ್ತಕ ಅರ್ಧ ಸೆಕೆಂಡಿನಲ್ಲಿ ಕೈಗೆ ಬೀಳುವುದರಿಂದ ನಮಗೆ ಒಂದೇ ಪಲ್ಟಿ ಸಿಗುತ್ತದೆ. ಅಲ್ಲಿ ಬೀಳುವುದೇ ಇಲ್ಲವಾದ್ದರಿಂದ ಒಂದರ ಹಿಂದೊಂದು ನೋಡುತ್ತಾ ಕೂರಬಹುದು.

ಮೂರು ಅಕ್ಷಗಳಲ್ಲಿ ನಡುವಿನದ್ದೇ ತಂಟೆಕೋರ

ಕಲ್ಲು, ಪುಸ್ತಕ, ಸ್ಪ್ಯಾನರ್‌ನಂತೆ ಆಕಾರ ಬದಲಿಸದ ವಸ್ತುವನ್ನು ಭೌತಶಾಸ್ತ್ರದಲ್ಲಿ ದೃಢಕಾಯ ಎನ್ನುತ್ತಾರೆ. ಯಾವುದೇ ದೃಢಕಾಯಕ್ಕೆ, ಅದೆಷ್ಟೇ ಸೊಟ್ಟಗಿದ್ದರೂ, ಒಂದಕ್ಕೊಂದು ಲಂಬವಾದ ಮೂರು ಮುಖ್ಯ ಅಕ್ಷಗಳಿರುತ್ತವೆ. ತೂಕವು ಅಕ್ಷದಿಂದ ದೂರ ಹರಡಿದ್ದಷ್ಟೂ ಆ ಅಕ್ಷದ ಸುತ್ತ ತಿರುಗಿಸುವುದು ಕಷ್ಟ. ಪಿಯುಸಿಯಲ್ಲಿ ಮೊಮೆಂಟ್ ಆಫ್ ಇನರ್ಷಿಯಾ ಎಂದು ಓದಿ ಮರೆತದ್ದು ಇದನ್ನೇ.

ನಿಮ್ಮ ಮೊಬೈಲನ್ನೇ ಲೆಕ್ಕ ಹಾಕೋಣ. 16 ಸೆಂ.ಮೀ. ಉದ್ದ, 7.5 ಸೆಂ.ಮೀ. ಅಗಲ, 0.8 ಸೆಂ.ಮೀ. ದಪ್ಪ ಎಂದುಕೊಳ್ಳಿ. ಲಟ್ಟಣಿಗೆಯಂತೆ ತಿರುಗಿಸುವ ಕಷ್ಟ 57 ಆದರೆ, ಲಾಗ ಹಾಕಿಸುವುದು 257, ತಟ್ಟೆಯಂತೆ ತಿರುಗಿಸುವುದು 312. ಅತಿ ಕಡಿಮೆಯ ಅಕ್ಷ ಸ್ಥಿರ, ಅತಿ ಹೆಚ್ಚಿನ ಅಕ್ಷವೂ ಸ್ಥಿರ. ನಡುವಿನ 257 ಇದೆಯಲ್ಲ, ಅದು ಮಾತ್ರ ಅಸ್ಥಿರ. ಪೆನ್ಸಿಲನ್ನು ಮೊನೆಯ ಮೇಲೆ ನಿಲ್ಲಿಸಿದಂತೆ, ಕೂದಲೆಳೆಯಷ್ಟು ವಾಲಿದರೂ ಆ ವಾಲಿಕೆ ತಾನೇ ಬೆಳೆಯುತ್ತಾ ಹೋಗುತ್ತದೆ.

ಯಾಕೆ ಬೆಳೆಯುತ್ತದೆ? ಹಗುರವಾದ ಒಂದು ಚಕ್ರ ಊಹಿಸಿಕೊಳ್ಳಿ. ಅದರ ಎಡ-ಬಲ ಅಂಚಿಗೆ ಎರಡು ಭಾರದ ಗುಂಡು, ಮೇಲೆ-ಕೆಳಗಿನ ಅಂಚಿಗೆ ಎರಡು ಹಗುರ ಗುಂಡು ಅಂಟಿಸಿದ್ದೇವೆ. ಹಗುರ ಗುಂಡುಗಳನ್ನು ಸೇರಿಸುವ ಗೆರೆಯೇ ಅಕ್ಷವಾಗುವಂತೆ ಚಕ್ರವನ್ನು ತಿರುಗಿಸಿದರೆ ಅದೇ ನಡುವಿನ ಅಕ್ಷ. ಭಾರದ ಗುಂಡುಗಳು ಸುತ್ತುತ್ತವೆ, ಹಗುರದವು ಅಕ್ಷದ ಮೇಲೇ ಕುಳಿತಿರುತ್ತವೆ. ಈಗ ಹಗುರ ಗುಂಡು ಅಕ್ಷದಿಂದ ಚೂರೇ ಚೂರು ಸರಿಯಿತು ಎನ್ನೋಣ. ಬಸ್ಸು ತಿರುವಿನಲ್ಲಿ ಜೋರಾಗಿ ಹೋದಾಗ ನೀವು ಹೊರಬದಿಗೆ ವಾಲುತ್ತೀರಲ್ಲ, ಹಾಗೆ ಅದೂ ಹೊರಕ್ಕೆ ತಳ್ಳಲ್ಪಡುತ್ತದೆ. ದೂರ ಹೋದಷ್ಟೂ ತಳ್ಳುವಿಕೆ ಹೆಚ್ಚು. ಭಾರದ ಗುಂಡುಗಳು ತಮ್ಮ ದಾರಿ ಬಿಡುವುದಿಲ್ಲ. ಹಾಗಾಗಿ ಹಗುರದವು ವೇಗವಾಗಿ ಹೊರಗೆ ಹೋಗಿ, ಸುತ್ತು ಹೊಡೆದು ಎದುರು ತುದಿಗೆ ಬಂದು ನಿಲ್ಲುತ್ತವೆ. ಅದೇ ಪಲ್ಟಿ. ಮೊದಲ ವಾಲಿಕೆ ಎಷ್ಟು ಸಣ್ಣದೋ ಅಷ್ಟು ಹೊತ್ತು ಹಿಡಿಕೆ ನೆಟ್ಟಗೆ ತಿರುಗುತ್ತಿರುತ್ತದೆ. ಅದಕ್ಕೇ ಅದು 'ಇದ್ದಕ್ಕಿದ್ದಂತೆ' ಎನಿಸುವುದು.

ಅತಿ ಹೆಚ್ಚಿನ ಅಕ್ಷದ ಸುತ್ತ ತಿರುಗುವಾಗ ನಾಲ್ಕೂ ಗುಂಡುಗಳು ಆಗಲೇ ಹೊರಗಿವೆ, ಇನ್ನು ಹೋಗಲು ಜಾಗವಿಲ್ಲ. ಅತಿ ಕಡಿಮೆಯ ಅಕ್ಷವೂ ಯಾಕೆ ಸ್ಥಿರ ಎಂದು ತೋರಿಸಲು ಈ ಚಿತ್ರ ಸಾಲದು, ಸಮೀಕರಣಗಳೇ ಬೇಕು.

ಮುಚ್ಚಿಟ್ಟರೇ?

ವ್ಲಾದಿಮಿರ್ ಝಾನಿಬೆಕೊವ್ 1985ರಲ್ಲಿ ಸಹಯಾತ್ರಿ ವಿಕ್ತರ್ ಸವಿನಿಖ್ ಜೊತೆ, ಕೆಟ್ಟು ನಿಂತಿದ್ದ ಸಲ್ಯುತ್ 7 ನಿಲ್ದಾಣವನ್ನು ದುರಸ್ತಿ ಮಾಡಲು ಹೋಗಿದ್ದರು. ಅದೇ ಒಂದು ಸಾಹಸಗಾಥೆ, ಫಾರ್ವರ್ಡ್ ಮಾಡುವವರು ಅದನ್ನು ಬಿಟ್ಟು ಇದನ್ನು ಹಿಡಿದುಕೊಂಡಿದ್ದಾರೆ! ಸಾಮಾನು ಬಿಚ್ಚುವಾಗ ಬೋಲ್ಟಿನಿಂದ ಕಳಚಿಕೊಂಡ ರೆಕ್ಕೆಯ ನಟ್ ಒಂದು ತಿರುಗುತ್ತಾ ತೇಲಿ ಹೋಗಿ ಮತ್ತೆ ಮತ್ತೆ ಪಲ್ಟಿ ಹೊಡೆದದ್ದನ್ನು ಅವರು ಗಮನಿಸಿದರು. ಅವರ ಹೆಸರೇ ಈ ವಿದ್ಯಮಾನಕ್ಕೆ ಅಂಟಿಕೊಂಡಿತು.

ಆದರೆ ಇದರ ಗಣಿತ ಆಗ ಹೊಸದಲ್ಲ. ತಿರುಗುವ ದೃಢಕಾಯಗಳ ಸಮೀಕರಣಗಳನ್ನು ಆಯ್ಲರ್ 18ನೇ ಶತಮಾನದಲ್ಲೇ ಬರೆದಿದ್ದರು. 1834ರಲ್ಲಿ ಫ್ರಾನ್ಸಿನ ಲೂಯಿ ಪ್ವಾನ್ಸೊ ಅದನ್ನು ಚಿತ್ರದ ಹಾಗೆ ಕಾಣುವಂತೆ ವಿವರಿಸಿದ್ದರು. ಸೋವಿಯತ್ ವಿಜ್ಞಾನಿಗಳೇ ಆದ ಲಂಡೌ ಮತ್ತು ಲಿಫ್‌ಶಿಟ್ಸ್ ಬರೆದ ಪ್ರಸಿದ್ಧ ಪಠ್ಯಪುಸ್ತಕದಲ್ಲಿ ನಡುವಿನ ಅಕ್ಷದ ಅಸ್ಥಿರತೆಯ ಪಾಠ 1985ಕ್ಕೆ ದಶಕಗಳ ಮೊದಲೇ ಇತ್ತು. ಕಾಲೇಜು ಹುಡುಗರು ಪರೀಕ್ಷೆಗೆ ಓದುತ್ತಿದ್ದ ಪಾಠವನ್ನು ಸರ್ಕಾರ ಮುಚ್ಚಿಟ್ಟು ಮಾಡುವುದೇನು?

ಭೂಮಿ ಯಾವ ಅಕ್ಷದ ಸುತ್ತ ತಿರುಗುತ್ತಿದೆ?

ಇಡೀ ಫಾರ್ವರ್ಡ್ ನಿಂತಿರುವುದೂ ಬೀಳುವುದೂ ಈ ಒಂದು ಪ್ರಶ್ನೆಯ ಮೇಲೆ. ಭೂಮಿ ಪೂರ್ಣ ಗೋಳವಲ್ಲ. ತನ್ನ ತಿರುಗುವಿಕೆಯಿಂದಲೇ ಸಮಭಾಜಕದ ಬಳಿ ಉಬ್ಬಿದೆ. ಕೇಂದ್ರದಿಂದ ಸಮಭಾಜಕಕ್ಕೆ 6,378 ಕಿ.ಮೀ., ಧ್ರುವಕ್ಕೆ 6,357 ಕಿ.ಮೀ., ಅಂದರೆ 21 ಕಿ.ಮೀ. ವ್ಯತ್ಯಾಸ. ಈ ಉಬ್ಬು ಧ್ರುವಗಳ ಅಕ್ಷದಿಂದ ಅತಿ ದೂರದಲ್ಲಿದೆ. ಆದ್ದರಿಂದ ಭೂಮಿ ತಿರುಗುತ್ತಿರುವುದು ತನ್ನ ಅತಿ ಹೆಚ್ಚಿನ ಅಕ್ಷದ ಸುತ್ತ. ನಡುವಿನದ್ದರ ಸುತ್ತ ಅಲ್ಲ. ಮೊಬೈಲಿನ ಲೆಕ್ಕದಲ್ಲಿ 312 ಇತ್ತಲ್ಲ, ಆ ಜಾಗದಲ್ಲಿ ಭೂಮಿ ಇದೆ.

ಇದಕ್ಕೆ ಕೆಲವರು ಒಂದು ಮರುಪ್ರಶ್ನೆ ಹಾಕುತ್ತಾರೆ, ಪ್ರಶ್ನೆ ಒಳ್ಳೆಯದೇ. ಭೂಮಿ ಕಲ್ಲಿನಂತೆ ದೃಢವಲ್ಲವಲ್ಲ, ಮೇಲೆ ಸಮುದ್ರ, ಒಳಗೆ ಕರಗಿದ ಕಬ್ಬಿಣ ಇದೆಯಲ್ಲ?

ಉತ್ತರಕ್ಕೆ 1958ಕ್ಕೆ ಹೋಗಬೇಕು. ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1 ಸುಮಾರು 2 ಮೀಟರ್ ಉದ್ದದ ತೆಳು ಕೊಳವೆಯಂತಿತ್ತು. ಅದನ್ನು ಉದ್ದದ ಅಕ್ಷದ ಸುತ್ತ, ಅಂದರೆ ಅತಿ ಕಡಿಮೆಯ ಅಕ್ಷದ ಸುತ್ತ, ಜೋರಾಗಿ ತಿರುಗಿಸಿ ಬಿಟ್ಟಿದ್ದರು. ದೃಢಕಾಯದ ಲೆಕ್ಕದಲ್ಲಿ ಅದು ಸ್ಥಿರವಾಗಿರಬೇಕಿತ್ತು. ಆದರೆ ಸ್ವಲ್ಪ ಹೊತ್ತಿನಲ್ಲೇ ಅದು ಬೀಸಿ ಎಸೆದ ಕೋಲಿನಂತೆ ಅಡ್ಡಡ್ಡ ತಿರುಗತೊಡಗಿತು. ಕಾರಣ, ಅದರ ಬಳುಕುವ ಆಂಟೆನಾಗಳು. ಅವು ಬಳುಕಿದಾಗಲೆಲ್ಲ ಒಂದಿಷ್ಟು ಶಕ್ತಿ ಶಾಖವಾಗಿ ಸೋರಿಹೋಗುತ್ತಿತ್ತು. ಕೋನೀಯ ಸಂವೇಗ ಮಾತ್ರ ಬದಲಾಗುವಂತಿಲ್ಲ. ಅಷ್ಟೇ ಸಂವೇಗವನ್ನು ಅತಿ ಕಡಿಮೆ ಶಕ್ತಿಯಲ್ಲಿ ಇಟ್ಟುಕೊಳ್ಳುವ ದಾರಿ ಒಂದೇ: ಅತಿ ಹೆಚ್ಚಿನ ಅಕ್ಷದ ಸುತ್ತ ತಿರುಗುವುದು. ಉಪಗ್ರಹ ಅಲ್ಲಿಗೇ ಹೋಗಿ ನೆಲೆಸಿತು.

ಭೂಮಿ ಈಗಾಗಲೇ ಅಲ್ಲಿ ಇದೆ. ಸಮುದ್ರದ ಹೊಯ್ದಾಟ, ಒಳಗಿನ ದ್ರವ ಇವೆಲ್ಲ ಸಣ್ಣಪುಟ್ಟ ವಾಲಿಕೆಯ ಶಕ್ತಿಯನ್ನು ಹೀರಿ ಅದನ್ನು ಅಲ್ಲೇ ಉಳಿಸುತ್ತವೆ. ಭೂಮಿ ಮೆತ್ತಗಿರುವುದು ನಮಗೆ ಅಪಾಯವಲ್ಲ, ಭದ್ರತೆ.

ಹಾಗೆಂದು ಭೂಮಿ ಅಲುಗಾಡುವುದೇ ಇಲ್ಲವೆಂದಲ್ಲ. ಭೂಮಿ ಪೂರ್ತಿ ದೃಢವಾಗಿದ್ದರೆ ಅದರ ಧ್ರುವ ಸುಮಾರು 305 ದಿನಕ್ಕೊಮ್ಮೆ ಪುಟ್ಟ ವೃತ್ತ ಸುತ್ತಬೇಕು ಎಂಬುದು ಆಯ್ಲರ್ ಸಮೀಕರಣಗಳ ಲೆಕ್ಕ. 1891ರಲ್ಲಿ ಅಮೆರಿಕದ ಸೆತ್ ಚಾಂಡ್ಲರ್ ಆ ಅಲುಗಾಟವನ್ನು ಗುರುತಿಸಿದರು. ಆದರೆ ಅದರ ಅವಧಿ ಸುಮಾರು 14 ತಿಂಗಳು. ಈ ಹೆಚ್ಚುವರಿ ದಿನಗಳಿಗೆ ಭೂಮಿ ತುಸು ಬಾಗುವುದೂ ಸಮುದ್ರಗಳೂ ಕಾರಣ. ಧ್ರುವ ಹೀಗೆ ಸುತ್ತುವುದು ಕೆಲವೇ ಮೀಟರುಗಳಷ್ಟು ಜಾಗದಲ್ಲಿ, ಒಂದು ಮನೆಯ ಅಂಗಳದಲ್ಲಿ ಹಿಡಿಸುವಷ್ಟು.

ಇನ್ನು ಕೆಲವು ಸಂದೇಶಗಳು ಇದಕ್ಕೆ 'ಧ್ರುವ ಪಲ್ಲಟ'ವನ್ನೂ ಬೆರೆಸುತ್ತವೆ. ಭೂಮಿಯ ಕಾಂತೀಯ ಉತ್ತರ-ದಕ್ಷಿಣಗಳು ಅದಲುಬದಲಾದದ್ದು ನಿಜ, ಕೊನೆಯ ಸಲ ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಆಗ ಬದಲಾದದ್ದು ದಿಕ್ಸೂಚಿಯ ಮುಳ್ಳು ತೋರಿಸುವ ದಿಕ್ಕು. ಭೂಮಿ ಎಂದಿನಂತೆ ತಿರುಗುತ್ತಲೇ ಇತ್ತು, ಸೂರ್ಯ ಪೂರ್ವದಲ್ಲೇ ಹುಟ್ಟುತ್ತಿದ್ದ.

ಆ ಓದುಗರಿಗೆ ನಾವು ಬರೆದದ್ದು ಇಷ್ಟು: ಮಗಳ ಕೈಗೆ ಒಂದು ಪುಸ್ತಕ, ಒಂದು ರಬ್ಬರ್ ಬ್ಯಾಂಡ್ ಕೊಡಿ. ಮೂರೂ ರೀತಿ ಎಸೆದು ನೋಡಲಿ. ಆಮೇಲೆ ತಟ್ಟೆಯಂತೆ ತಿರುಗಿಸಿ ಎಸೆದದ್ದನ್ನು ತೋರಿಸಿ, ಭೂಮಿ ತಿರುಗುತ್ತಿರುವುದು ಹೀಗೆ ಎಂದು ಹೇಳಿ. ವಿಡಿಯೋ ಡಿಲೀಟ್ ಮಾಡಬೇಡಿ, ಚೆನ್ನಾಗಿದೆ. ಯಾರಿಗಾದರೂ ಕಳುಹಿಸುವುದಾದರೆ ಕೆಳಗಿನ ಬರಹವನ್ನಷ್ಟೇ ಅಳಿಸಿ ಕಳುಹಿಸಿ.